ಅಕ್ಕನ ಗೊಬ್ಬರ

ಗೋಧಿಯ ಬೆಳೆ ನೆಲಕ್ಕೆ ಮಲಗಿದ್ದನ್ನು ನಾನು ಮೊದಲ ಸಲ ಕಂಡದ್ದು 2022ರ ಫೆಬ್ರುವರಿಯಲ್ಲಿ, ಅದೂ ತವರಿನ ಹೊಲದಲ್ಲಿ. ಮಲಗಿಸಿದವಳೂ ಒಂದು ಲೆಕ್ಕಕ್ಕೆ ನಾನೇ.

ನವಿಲುತೀರ್ಥದ ಅಣೆಕಟ್ಟೆಯಿಂದ ಬರುವ ಕಾಲುವೆಯ ಕೆಳಗೆ ನಮ್ಮದು ಎರಡೆಕರೆ ಎರೆ ಹೊಲ. ಅಪ್ಪ ತೀರಿದ ಮೇಲೆ ತಮ್ಮನೇ ಮಾಡುತ್ತಾನೆ. ಹಿಂದಿನ ಡಿಸೆಂಬರಿನಲ್ಲಿ ಹೋದಾಗ ಪೈರು ಅಲ್ಲಲ್ಲಿ ಬಿಳಿಚಿಕೊಂಡಿತ್ತು. "ಗೊಬ್ಬರ ಸಾಲವಲ್ದು" ಅಂದೆ. "ರೊಕ್ಕ ಎಲ್ಲೈತಕ್ಕಾ?" ಅಂದ. ಸಂಬಳದವಳಲ್ಲವೇ, ತೆಗೆದು ಕೊಟ್ಟೆ. ಯೂರಿಯಾ ಚೀಲಕ್ಕೆ ಇನ್ನೂರ ಅರವತ್ತಾರು ರೂಪಾಯಿ. ಅಷ್ಟು ಅಗ್ಗದ ಮಾಲಿಗೆ ಕೈ ತಾನಾಗಿಯೇ ಉದಾರವಾಗುತ್ತದೆ. ಎಕರೆಗೆ ಮೂರು ಚೀಲ ಬಿತ್ತು.

ಹದಿನೈದು ದಿನದಲ್ಲಿ ಹೊಲ ಕಡುಹಸಿರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರಂತೆ. ನಾನೂ ಶಾಲೆಯಲ್ಲಿ ಹೇಳಿಕೊಂಡು ತಿರುಗಿದೆ. ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ನೀರು ಬಿಟ್ಟ ರಾತ್ರಿಯೇ ಗಾಳಿ ಎದ್ದಿತು. ಬೆಳಿಗ್ಗೆ ಚಾಪೆ ಹಾಸಿದಂತೆ ಬಿದ್ದಿತ್ತು. ಎಕರೆಗೆ ಹನ್ನೊಂದು ಕ್ವಿಂಟಲ್ ಬರುವಲ್ಲಿ ಏಳು ಬಂತು, ಅದೂ ಜೊಳ್ಳು. ತಮ್ಮ ಏನೂ ಅನ್ನಲಿಲ್ಲ. ಊರವರು ಮಾತ್ರ ಅದಕ್ಕೆ 'ಅಕ್ಕನ ಗೊಬ್ಬರ' ಎಂದು ಹೆಸರಿಟ್ಟರು. ಮಗಳ ಕಾಲೇಜಿನ ಫೀಜಿಗೆ ಅವನು ಸಾಲ ಮಾಡಿದ್ದು ನನಗೆ ತಿಳಿದದ್ದು ಬೇರೆಯವರಿಂದ. ಯುಗಾದಿಗೆ ಫೋನೂ ಬರಲಿಲ್ಲ.

ನಾನು ಓದಿದ್ದು ಬಿ.ಎ., ಕಲಿಸುವುದು ಸಮಾಜ. ಆದರೂ ಬೇಸಿಗೆ ರಜೆಯಲ್ಲಿ ನಾನಾಗಿಯೇ ಹೋಗಿ ಹೊಲದ ಹತ್ತು ಕಡೆ ಅರ್ಧ ಅಡಿ ಅಗೆಸಿದೆ. ಬದುವಿನ ಮಗ್ಗುಲು, ತಿಪ್ಪೆ ಇದ್ದ ಜಾಗ ಬಿಟ್ಟು. ಮಣ್ಣನ್ನೆಲ್ಲ ಕಲಸಿ, ಅರ್ಧ ಕಿಲೋ ಮಾತ್ರ ಉಳಿಸಿ, ರೈತ ಸಂಪರ್ಕ ಕೇಂದ್ರಕ್ಕೆ ಒಯ್ದೆವು. ಚೀಟಿ ಬಂದಾಗ ಸತುವಿನ ಎದುರು 0.4 ಎಂದಿತ್ತು. 0.6ಕ್ಕಿಂತ ಕಡಿಮೆಯಾದರೆ ಕೊರತೆ. ಸುಣ್ಣದಂಶ ಹೆಚ್ಚಿದ್ದ ನಮ್ಮ ಎರೆಮಣ್ಣು ಇದ್ದ ಸತುವನ್ನೂ ಬೇರಿಗೆ ಬಿಟ್ಟುಕೊಡುವುದಿಲ್ಲವಂತೆ. ನಾನು ಕಂಡ ಬಿಳಿಚಿಕೆ ಹಸಿವೇ ಸರಿ, ಆದರೆ ಬೇರೆ ಹಸಿವು. ನೀರು ಬೇಡಿದ ಮಗುವಿಗೆ ಮೂರು ಹೊತ್ತು ಹೋಳಿಗೆ ಉಣಿಸಿದ ಹಾಗಾಗಿತ್ತು.

ಕೃಷಿ ಅಧಿಕಾರಿಗಳು ಎಕರೆಗೆ ನಲವತ್ತು ಕಿಲೋ ಸಾರಜನಕ ಸಾಕು ಎಂದರು. ಹಿಂದಿನ ವರ್ಷದ ಲೆಕ್ಕ ಹಾಕಿ ನನಗೆ ನಾಚಿಕೆಯಾಯಿತು. 45 ಕಿಲೋ ಯೂರಿಯಾ ಚೀಲದಲ್ಲಿ ಸುಮಾರು ಇಪ್ಪತ್ತೊಂದು ಕಿಲೋ ಸಾರಜನಕ. ಬಿತ್ತುವಾಗ ಹಾಕಿದ ಒಂದು ಚೀಲ ಡಿಎಪಿಯಲ್ಲಿ ಒಂಬತ್ತು. ನಲವತ್ತು ಬೇಕಾದಲ್ಲಿ ಎಪ್ಪತ್ತು ದಾಟಿಸಿದ್ದೆವು. ಒಂದೂವರೆ ಚೀಲ ಯೂರಿಯಾ ಸಾಕಿತ್ತು, ಅದನ್ನೂ ಒಮ್ಮೆಗೇ ಅಲ್ಲ: ಅರ್ಧ ಬಿತ್ತುವಾಗ, ಉಳಿದದ್ದು ಮೂರನೆಯ ವಾರ, ಹೊಸ ಬೇರು ಒಡೆಯುವಾಗ ನೀರಿನ ಜೊತೆ.

ಸತುವಿನ ಸಲ್ಫೇಟು ಎಕರೆಗೆ ಹತ್ತು ಕಿಲೋ. ತಮ್ಮ ಅದನ್ನು ಡಿಎಪಿಯ ಜೊತೆ ಬುಟ್ಟಿಗೆ ಸುರಿಯುತ್ತಿದ್ದ, ನಾನು ಕೈ ಹಿಡಿದೆ. ಎರಡೂ ಕೂಡಿದರೆ ರಂಜಕ ಸತುವನ್ನು ಕಟ್ಟಿಹಾಕುತ್ತದೆ, ಬೆಳೆಗೆ ಸಿಗುವುದಿಲ್ಲ. "ಈಗ ನಮಗ ಒಕ್ಕಲುತನಾನೂ ಕಲಸ್ತಿಯೇನಕ್ಕಾ?" ಅಂದ. ಸಿಟ್ಟಿನಿಂದಲೇ ಅಂದ. ಆದರೂ ಬೇರೆ ಬುಟ್ಟಿಯಲ್ಲಿ ತಿಪ್ಪೆಗೊಬ್ಬರಕ್ಕೆ ಕಲಸಿದ. ಕಾಲುವೆ ಕಡೆಯ ನಾಲ್ಕು ಸಾಲು ಮಾತ್ರ ಬೇಕೆಂದೇ ಸತುವಿಲ್ಲದೆ ಬಿಟ್ಟೆವು, ನೋಡೋಣವೆಂದು.

ಜನವರಿಯಲ್ಲಿ ಆ ನಾಲ್ಕು ಸಾಲು ಗೆರೆ ಎಳೆದಂತೆ ಬೇರೆಯಾಗಿಯೇ ಕಂಡವು. ಉಳಿದ ಹೊಲ ಅಷ್ಟೇನೂ ಕಡುಹಸಿರಾಗಿರಲಿಲ್ಲ, ದಾರಿಹೋಕರು ನಿಲ್ಲಲಿಲ್ಲ. ಆದರೆ ನಿಂತೇ ಇತ್ತು. ಎಕರೆಗೆ ಹನ್ನೆರಡು ಕ್ವಿಂಟಲ್. ಸಾಲ ಪೂರ್ತಿ ಅದರಿಂದ ತೀರಲಿಲ್ಲ.

ಮರುವರ್ಷ ಬಿತ್ತಿಗೆಗೆ ಮುಂಚೆ ತಮ್ಮ ಫೋನು ಮಾಡಿದ. ಹಾಳು ಅಭ್ಯಾಸ, "ಎಷ್ಟು ಕಳಿಸಲಿ?" ಎಂದೆ.

"ರೊಕ್ಕ ಬ್ಯಾಡಕ್ಕಾ. ಆ ಚೀಟಿ ನಿನ್ನ ಹತ್ರ ಐತಲ್ಲ, ಅದನ್ನ ತಗೊಂಡು ಬಾ."