ಮಾಂಟೆರೆಯಲ್ಲಿ ಗುಡಾರಕ್ಕೊಂದು ಜಾಗ

ಸ್ಯಾನ್ ಫ್ರಾನ್ಸಿಸ್ಕೊದಿಂದ ದಕ್ಷಿಣಕ್ಕೆ ಇಳಿಯುವ ಒಂದನೇ ನಂಬರಿನ ಹೆದ್ದಾರಿಯಲ್ಲಿ ಮಾಂಟೆರೆ ಮುಟ್ಟುವವರೆಗಿನ ದಾರಿಯ ಬಗ್ಗೆ ನನಗೆ ಹೇಳುವುದು ಹೆಚ್ಚಿಲ್ಲ. ಬಲಕ್ಕೆ ಕಡಲು, ಎಡಕ್ಕೆ ಹೊಲ, ನಡುವೆ ಮಂಜು. ಹೇಳಬೇಕಾದ ಮಾತು ಶುರುವಾಗುವುದು ಮಾಂಟೆರೆಯಲ್ಲಿ, ಕತ್ತಲಾಗುವ ಮುಂಚೆ ಮಲಗಲು ಜಾಗ ಹುಡುಕುವ ಹೊತ್ತಿಗೆ. ಬೇಸಿಗೆಯ ಶನಿವಾರ ಇಲ್ಲಿ ಸಾದಾ ಮೋಟೆಲ್ ಕೋಣೆಯ ಬಾಡಿಗೆಯೂ ಒಂದು ಕುಟುಂಬದ ವಾರದ ದಿನಸಿ ಖರ್ಚನ್ನು ಮೀರಿಸುತ್ತದೆ. ಕಡಲು ನೋಡಲು ಕಾಸು ಬೇಕಿಲ್ಲ, ಕಡಲ ಪಕ್ಕ ಮಲಗಲು ಬೇಕು. ಆದರೆ ಇದೇ ಊರಿನ ಗುಡ್ಡದ ಮೇಲೆ, ಪೈನ್ ಮತ್ತು ಓಕ್ ಮರಗಳ ನಡುವೆ ವೆಟರನ್ಸ್ ಮೆಮೋರಿಯಲ್ ಪಾರ್ಕ್ ಇದೆ. ನಗರಾಡಳಿತವೇ ನಡೆಸುವ ಈ ಉದ್ಯಾನದಲ್ಲಿ ಹೋಟೆಲ್ ಬಾಡಿಗೆಯ ಸಣ್ಣದೊಂದು ಪಾಲು ಕೊಟ್ಟು ಗುಡಾರ ಹಾಕಬಹುದು. ಬೆಳಿಗ್ಗೆ ಇಳಿಜಾರಿನಲ್ಲಿ ನಡೆದೇ ಬಂದರು ಕಟ್ಟೆ ತಲುಪಬಹುದು. ಪ್ರವಾಸಿ ಪುಸ್ತಕಗಳು ಇದನ್ನು ದುಡ್ಡು ಉಳಿಸುವ ಉಪಾಯವೆಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತವೆ. ನನಗೆ ಇದು ಊರಿನ ಹೆಸರಾಂತ ಮತ್ಸ್ಯಾಲಯದಷ್ಟೇ ಮುಖ್ಯ ಸಾರ್ವಜನಿಕ ಆಸ್ತಿ. ಕಡಲತೀರ ಎಲ್ಲರದು ಅನ್ನುವ ಮಾತಿಗೆ ಇಂಥ ಜಾಗವಿಲ್ಲದೆ ಅರ್ಥವಿಲ್ಲ.

ಈ ಮಾತಿಗೆ ಮೊದಲ ಸಾಕ್ಷಿ ಈ ಕರಾವಳಿಯ ಇತಿಹಾಸವೇ. ಪಕ್ಕದ ಪೆಸಿಫಿಕ್ ಗ್ರೋವ್ ಇವತ್ತು ಸಂಬಳದ ಜನ ಮನೆ ಕೊಳ್ಳಲಾಗದ ಊರು. ಅದು ಹುಟ್ಟಿದ್ದು 1875ರಲ್ಲಿ, ಮೆಥಡಿಸ್ಟ್ ಕ್ರೈಸ್ತರ ಬೇಸಿಗೆ ಗುಡಾರಗಳ ಬಿಡಾರವಾಗಿ. ಗುಡಾರದ ಅಳತೆಗೆ ಕತ್ತರಿಸಿದ ಸಣ್ಣ ನಿವೇಶನಗಳಲ್ಲಿ ಮುಂದೆ ಮರದ ಮನೆಗಳು ಎದ್ದವು. ಪ್ರವಾಸಿಗರು ನಿಂತು ಫೋಟೊ ತೆಗೆಯುವ ಆ ಇಕ್ಕಟ್ಟಾದ ಚೆಂದದ ಮನೆಗಳಲ್ಲಿ ಎಷ್ಟೋ ಹೀಗೆ ಬಂದಂಥವು. 1879ರಲ್ಲಿ ಮಾಂಟೆರೆಗೆ ಬಂದ ಲೇಖಕ ರಾಬರ್ಟ್ ಲೂಯಿ ಸ್ಟೀವನ್‌ಸನ್ ಬಡವ, ರೋಗಿ. ಬೆಟ್ಟದಲ್ಲಿ ಬಿಡಾರ ಹೂಡಿ ಕುಸಿದು ಬಿದ್ದಾಗ ಅವನನ್ನು ಆರೈಕೆ ಮಾಡಿ ಉಳಿಸಿದವರು ಮೇಕೆ ಸಾಕುವವರು. ಕಡಲಂಚಿನ ಚೀನೀ ಮೀನುಗಾರರ ಕೇರಿ 1906ರಲ್ಲಿ ಸುಟ್ಟುಹೋಯಿತು. ಅಲ್ಲಿದ್ದವರಿಗೆ ಮತ್ತೆ ಅದೇ ಜಾಗದಲ್ಲಿ ಮನೆ ಕಟ್ಟಲು ಬಿಡಲಿಲ್ಲ. ಕ್ಯಾನರಿ ರೋ ಬೀದಿಯನ್ನು ಕಟ್ಟಿದ್ದು ಸಾರ್ಡಿನ್ ಮೀನನ್ನು ಡಬ್ಬಿಗೆ ತುಂಬುವ ಕೂಲಿಕಾರರು. ಅದನ್ನು ಲೋಕಪ್ರಸಿದ್ಧ ಮಾಡಿದ್ದು ಜಾನ್ ಸ್ಟೈನ್‌ಬೆಕ್ 1945ರಲ್ಲಿ ಬರೆದ ಕಾದಂಬರಿ, ಅದೂ ಬಾಡಿಗೆ ಕೊಡಲಾಗದೆ ಹಳೇ ಗೋದಾಮಿನಲ್ಲಿ ವಾಸಿಸುವ ಜನರ ಕಥೆ. ಮೀನು ಮುಗಿಯಿತು, ಕಾರ್ಖಾನೆಗಳು ಮುಚ್ಚಿದವು, 1984ರಲ್ಲಿ ಒಂದು ಹಳೇ ಕಾರ್ಖಾನೆಯ ಜಾಗದಲ್ಲಿ ಮತ್ಸ್ಯಾಲಯ ಬಂತು, ಬೀದಿ ತುಂಬ ಹೋಟೆಲುಗಳೆದ್ದವು. ಬಡವರ ಹೆಸರನ್ನೇ ಬಂಡವಾಳ ಮಾಡಿಕೊಂಡ ಊರು ಅಂಥವರಿಗೆ ಒಂದು ರಾತ್ರಿಯ ಜಾಗವನ್ನೂ ಕೊಡದಿದ್ದರೆ ಅದು ಅನ್ಯಾಯ. ಗುಡ್ಡದ ಮೇಲಿನ ಆ ಉದ್ಯಾನ ಅಷ್ಟರ ಮಟ್ಟಿಗಾದರೂ ಮರ್ಯಾದೆ ಉಳಿಸಿದೆ.

ಎರಡನೇ ಸಾಕ್ಷಿ ಕಾನೂನು. ಕರಾವಳಿ ಉಳಿಸಬೇಕೆಂದು 1972ರಲ್ಲಿ ಕ್ಯಾಲಿಫೋರ್ನಿಯಾದ ಮತದಾರರೇ ಮತ ಹಾಕಿ ತೀರ್ಪು ಕೊಟ್ಟರು. 1976ರ ಕರಾವಳಿ ಕಾಯ್ದೆ ಕಡಲಿಗೆ ದಾರಿ ಬಿಡಿ ಎಂದಷ್ಟೇ ಹೇಳಿ ಸುಮ್ಮನಾಗಲಿಲ್ಲ. ಕಡಿಮೆ ಖರ್ಚಿನ ಪ್ರವಾಸಿ ಸೌಲಭ್ಯಗಳನ್ನು ಕಾಪಾಡಬೇಕು, ಸಾಧ್ಯವಿದ್ದಲ್ಲಿ ಒದಗಿಸಬೇಕು ಎಂದೂ ಬರೆಯಿತು. ಐಷಾರಾಮಿ ಹೋಟೆಲು ಕಟ್ಟುವವರಿಂದ ಅಗ್ಗದ ತಂಗುದಾಣಗಳಿಗೆಂದು, ಈ ಕಾಯ್ದೆಯನ್ನು ಜಾರಿ ಮಾಡುವ ಕರಾವಳಿ ಆಯೋಗ ಹಣ ಕಟ್ಟಿಸಿಕೊಂಡದ್ದೂ ಇದೆ. ಬಿಗ್ ಸರ್ ಕಡೆ ಇಳಿದರೆ ಈ ಮಾತಿನ ತೂಕ ತಿಳಿಯುತ್ತದೆ. ರಾತ್ರಿಗೆ ಸಾವಿರ ಡಾಲರ್ ಮೀರುವ ಕೋಣೆಗಳಿರುವ ಅದೇ ಕಡಿದಾದ ಕರಾವಳಿಯಲ್ಲಿ ಅರಣ್ಯ ಇಲಾಖೆಯ ಕರ್ಕ್ ಕ್ರೀಕ್ ಬಿಡಾರವಿದೆ. ಕುಡಿಯುವ ನೀರನ್ನು ನಾವೇ ಹೊತ್ತೊಯ್ಯಬೇಕು. ಆದರೆ ಗುಡಾರದ ಬಾಗಿಲು ತೆರೆದರೆ ಪೆಸಿಫಿಕ್ ಸಾಗರ, ನಡುವೆ ಏನೂ ಇಲ್ಲ. ಸಾವಿರ ಡಾಲರ್ ಕೊಟ್ಟವರು ಕಾಣುವುದೂ ಇದೇ ಸೂರ್ಯಾಸ್ತವನ್ನು.

ಬೆಂಕಿಯ ಭಯ ಮುಂದಿಟ್ಟು ಬಿಡಾರಗಳನ್ನು ವಿರೋಧಿಸುವವರಿದ್ದಾರೆ. ಆ ಭಯ ಸುಳ್ಳಲ್ಲ. 2016ರ ಜುಲೈಯಲ್ಲಿ ಇದೇ ಕರಾವಳಿಯ ಗರಪಾಟಾ ಉದ್ಯಾನದಲ್ಲಿ ಯಾರೋ ಹಾಕಿದ ಬೆಂಕಿ ಅಕ್ಟೋಬರ್‌ವರೆಗೂ ಉರಿದು 1,32,000 ಎಕರೆ ಸುಟ್ಟಿತು. 57 ಮನೆಗಳು ಹೋದವು, ಬುಲ್‌ಡೋಜರ್ ನಡೆಸುತ್ತಿದ್ದ ಒಬ್ಬ ಕಾರ್ಮಿಕ ಸತ್ತ. ಆದರೆ ಗರಪಾಟಾದಲ್ಲಿ ರಾತ್ರಿ ತಂಗಲು ಅನುಮತಿಯೇ ಇಲ್ಲ. ಬೆಂಕಿ ಹತ್ತಿದ್ದು ನೀರು, ಒಲೆಯ ಕಟ್ಟೆ, ಕಾವಲುಗಾರ ಇರುವ ಬಿಡಾರದಲ್ಲಲ್ಲ, ಯಾರೂ ಕಾಯದ ಕಾಡಿನಲ್ಲಿ. ಅಧಿಕೃತ ಜಾಗ ಕಡಿಮೆಯಾದಷ್ಟೂ ಜನ ರಸ್ತೆ ತಿರುವುಗಳಿಗೆ, ಕಾಡಿನ ಒಳದಾರಿಗಳಿಗೆ ನುಗ್ಗುತ್ತಾರೆ. ಅಲ್ಲಿ ಶೌಚಾಲಯವೂ ಇಲ್ಲ, ಒಣಹುಲ್ಲಿನಲ್ಲಿ ಒಲೆ ಹೂಡುವವನನ್ನು ತಡೆಯುವವರೂ ಇಲ್ಲ. ಹಾಗಾಗಿ ಬೆಂಕಿಗೆ ಹೆದರುವವರೇ ಇನ್ನಷ್ಟು ಬಿಡಾರ ಬೇಕೆಂದು ಕೇಳಬೇಕು.

ಊರು ಬದುಕುವುದು ಹೋಟೆಲ್ ತೆರಿಗೆಯಿಂದ, ಗುಡಾರದವರಿಂದ ಏನು ಲಾಭ ಎನ್ನುವ ಇನ್ನೊಂದು ವಾದಕ್ಕೆ ಹೆಚ್ಚು ಬೆಲೆ ಕೊಡಬೇಕಿಲ್ಲ. ಅವರೂ ಪೆಟ್ರೋಲ್ ಹಾಕಿಸುತ್ತಾರೆ, ಮತ್ಸ್ಯಾಲಯದ ದುಬಾರಿ ಟಿಕೆಟ್ ಕೊಳ್ಳುತ್ತಾರೆ. ನಿಜವಾಗಿ ನೋಯಿಸುವ ಆಕ್ಷೇಪ ಬೇರೆ: ಈ ಅಗ್ಗದ ಜಾಗಗಳು ಸಿಗುವುದಾದರೂ ಯಾರಿಗೆ? ರಾಜ್ಯ ಉದ್ಯಾನಗಳ ಬುಕಿಂಗ್ ಆರು ತಿಂಗಳ ಮುಂಚೆ ಬೆಳಿಗ್ಗೆ ಎಂಟಕ್ಕೆ ತೆರೆಯುತ್ತದೆ, ಬೇಸಿಗೆಯ ಶನಿವಾರಗಳು ಆಗಲೇ ಖಾಲಿಯಾಗುತ್ತವೆ. ಆ ಹೊತ್ತಿಗೆ ಲ್ಯಾಪ್‌ಟಾಪ್ ಮುಂದೆ ಕೂರಬಲ್ಲವರು, ಆರು ತಿಂಗಳಾಚೆಯ ರಜೆಯನ್ನು ಇವತ್ತೇ ನಿಗದಿ ಮಾಡಬಲ್ಲವರು ಸನಿವೇಲ್, ಫ್ರೀಮಾಂಟ್‌ಗಳ ಸಾಫ್ಟ್‌ವೇರ್ ಜನ, ಅವರಲ್ಲಿ ನಮ್ಮ ಕನ್ನಡದವರೂ ಸೇರಿದ್ದಾರೆ. ಅರ್ಧ ಗಂಟೆ ದೂರದ ಸಲೀನಾಸ್‌ನಲ್ಲಿ ಲೆಟಿಸ್ ಕೊಯ್ಯುವವರಿಗೆ, ಮಾಂಟೆರೆಯ ಹೋಟೆಲ್ ಹಾಸಿಗೆ ಹಾಸುವವರಿಗೆ ಮುಂದಿನ ವಾರದ ಪಾಳಿಯೇ ಗೊತ್ತಿರುವುದಿಲ್ಲ. ಈ ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಬಿಡಾರ ಮುಚ್ಚಲು ಕಾರಣವಲ್ಲ, ಹಂಚುವ ಕ್ರಮ ತಿದ್ದಲು ಕಾರಣ. ನಡೆದು ಬಂದವರಿಗೆ, ಸೈಕಲ್‌ನಲ್ಲಿ ಬಂದವರಿಗೆ ಕೆಲವು ಉದ್ಯಾನಗಳು ಬುಕಿಂಗ್ ಇಲ್ಲದ ಜಾಗ ಇಟ್ಟಿವೆ. ಹಾಗೆಯೇ ಪ್ರತಿ ಬಿಡಾರದಲ್ಲೂ ಒಂದಷ್ಟು ಜಾಗವನ್ನು ಆ ದಿನ ಮೊದಲು ಬಂದವರಿಗೆ ಮೀಸಲಿಡಬೇಕು. ಕರಾವಳಿ ಆಯೋಗದ ಸಭೆಗಳಲ್ಲಿ ಸಾರ್ವಜನಿಕರು ಮಾತಾಡಬಹುದು. ಮೊಸರನ್ನದ ಬುತ್ತಿ ಕಟ್ಟಿಕೊಂಡು ಪ್ರತಿ ಬೇಸಿಗೆ ಈ ದಾರಿಯಲ್ಲಿ ಇಳಿಯುವ ಅಲ್ಲಿನ ಕನ್ನಡ ಕುಟುಂಬಗಳು ಬರಲಾರದವರ ಪರವಾಗಿ ಒಮ್ಮೆ ಅಲ್ಲಿ ಈ ಬೇಡಿಕೆ ಇಡಬೇಕು.