ಹದಿನೆಂಟು ಗಜ

ಮೆಕ್ಯಾನಿಕಲ್ ಸೇರಿದ ಮೇಲೆ ನಮಗೆಲ್ಲ ಅಂಟಿಕೊಳ್ಳುವ ಮೊದಲ ಕಾಯಿಲೆ ಎಫಿಷಿಯನ್ಸಿ. ಹಾಸ್ಟೆಲ್‌ನಿಂದ ಕ್ಲಾಸಿಗೆ ಯಾವ ದಾರಿ ಹತ್ತಿರ, ಯಾವ ಮಾಡ್ಯೂಲ್ ಬಿಟ್ಟರೂ ಪಾಸಾಗಬಹುದು, ಎಲ್ಲದರಲ್ಲೂ ಕಡಿಮೆ ಹಾಕಿ ಜಾಸ್ತಿ ತೆಗೆಯೋದೇ ಯೋಚನೆ. ಅದಕ್ಕೇ ನನಗೆ ನನ್ನ ಸೋದರಮಾವ ಬಹಳ ದಿನ ಅರ್ಥ ಆಗಿರಲಿಲ್ಲ. ಮಿಷಿಗನ್‌ನ ಒಂದು ಕಾರ್ ಕಂಪನಿಯಲ್ಲಿ ಇಂಜಿನಿಯರ್ ಆಗಿರೋ ಮನುಷ್ಯ, ಪ್ರತಿ ನವೆಂಬರ್‌ನಲ್ಲಿ ರಜೆ ಹಾಕಿ, ಕೊರೆಯುವ ಚಳಿಯಲ್ಲಿ ಮರ ಹತ್ತಿ ಕೂತು, ಬಿಲ್ಲು ಬಾಣ ಹಿಡಿದು ಜಿಂಕೆ ಬೇಟೆ ಆಡ್ತಾರೆ. ಅದೂ ಸಾದಾ ಬಿಲ್ಲು. ಗಾಲಿ ಇಲ್ಲ, ಗುರಿ ನೋಡೋ ಸೈಟ್ ಇಲ್ಲ. ಹೆಚ್ಚಿನ ವರ್ಷ ಬರಿಗೈಯಲ್ಲಿ ವಾಪಸ್ ಬರ್ತಾರೆ.

ಮೊದಲು ಒಂದು ಮಾತು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಇದನ್ನು ಓದಿ ಯಾರೂ ಬಂಡೀಪುರದ ಕಡೆ ಬಿಲ್ಲು ಹಿಡಿದು ಹೊರಡಬೇಡಿ. ಅಮೆರಿಕದ ಕಥೆ ಬೇರೆ. ಅಲ್ಲಿನ ಬಿಳಿಬಾಲದ ಜಿಂಕೆ ಮಾಂಸದ ವ್ಯಾಪಾರಕ್ಕೆ ಸಿಕ್ಕಿ, 1900ರ ಹೊತ್ತಿಗೆ ಇಡೀ ದೇಶದಲ್ಲಿ ಐದು ಲಕ್ಷಕ್ಕಿಂತ ಕೆಳಗೆ ಇಳಿದಿತ್ತು ಅಂತ ಅಂದಾಜು. ಆಮೇಲೆ ಕಾನೂನು ಬಂತು, ಬೇಟೆಗೆ ಸೀಸನ್ ಬಂತು, ಲೈಸೆನ್ಸ್ ಬಂತು. 1937ರಲ್ಲಿ ಬೇಟೆ ಬಂದೂಕುಗಳ ಮೇಲೆ ಹಾಕುವ ತೆರಿಗೆಯನ್ನು ವನ್ಯಜೀವಿಗಳಿಗೇ ಖರ್ಚು ಮಾಡಬೇಕು ಅಂತ ಕಾಯ್ದೆ ಮಾಡಿದರು. ಎಪ್ಪತ್ತರ ದಶಕದಲ್ಲಿ ಬಿಲ್ಲು ಬಾಣವೂ ಆ ಪಟ್ಟಿಗೆ ಸೇರಿತು. ಈಗ ಅಲ್ಲಿ ಈ ಜಿಂಕೆಗಳು ಸುಮಾರು ಮೂರು ಕೋಟಿ. ಇವನ್ನು ತಿನ್ನುತ್ತಿದ್ದ ತೋಳಗಳು ಬಹುಪಾಲು ಕಡೆ ಇಲ್ಲ. ಮಾವನ ಊರಲ್ಲಿ ಕಾರಿಗೆ ಜಿಂಕೆ ಅಡ್ಡ ಬರೋದು ನಮ್ಮಲ್ಲಿ ಹಸು ಅಡ್ಡ ಬಂದಷ್ಟೇ ಮಾಮೂಲು.

ಸರಿ, ಬೇಟೆಗೆ ಅನುಮತಿ ಇದೆ. ಹಾಗಾದರೆ ರೈಫಲ್ ಯಾಕೆ ಬೇಡ? ನಾನು ಕೇಳಿದಾಗ ಮಾವ, "ನೀನೇ ಲೆಕ್ಕ ಹಾಕು, ಮೆಕ್ಯಾನಿಕಲ್ ಅಲ್ವೇನೇ?" ಅಂದರು. ಹಾಕಿದೆ.

ಮಾವನದು 50 ಪೌಂಡಿನ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿರುವ ಮರದ ಬಿಲ್ಲು. ಪೂರ್ತಿ ಎಳೆದಾಗ ಬೆರಳ ಮೇಲೆ 23 ಕೆಜಿ ಭಾರ. ಏರ್‌ಪೋರ್ಟಿನಲ್ಲಿ ಚೆಕ್-ಇನ್ ಮಾಡುವ ಸೂಟ್‌ಕೇಸನ್ನು ಮೂರೇ ಬೆರಳಲ್ಲಿ ಹಿಡಿದ ಹಾಗೆ. ಎಳೆದಷ್ಟೂ ಭಾರ ಏರುತ್ತಲೇ ಹೋಗುತ್ತೆ, ಹಾಗಾಗಿ ಹೆಚ್ಚು ಹೊತ್ತು ಹಿಡಿಯೋಕೆ ಆಗಲ್ಲ. ಬಾಣದ ತೂಕ ಸುಮಾರು 32 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 54 ಮೀಟರ್. ½mv² ಹಾಕಿದರೆ 47 ಜೌಲ್. ಫಾಸ್ಟ್ ಬೌಲರ್ ಒಬ್ಬ ಗಂಟೆಗೆ 140 ಕಿಲೋಮೀಟರ್ ವೇಗದಲ್ಲಿ ಎಸೆದ ಚೆಂಡಿನಲ್ಲಿ ಸುಮಾರು 120 ಜೌಲ್ ಇರುತ್ತೆ. ಅದರ ಅರ್ಧವೂ ಬಾಣದಲ್ಲಿ ಇಲ್ಲ! ಸಾಮಾನ್ಯ ಬೇಟೆ ರೈಫಲ್ಲಿನ ಗುಂಡಿನಲ್ಲಿ ಸುಮಾರು 3,900 ಜೌಲ್. ಬಾಣ ಕೆಲಸ ಮಾಡೋದು ಬಲದಿಂದ ಅಲ್ಲ, ಬ್ಲೇಡಿನಷ್ಟು ಹರಿತವಾದ ಮೊನೆಯಿಂದ. ಅದು ಎರಡೂ ಶ್ವಾಸಕೋಶ ದಾಟಿ ಹೋದರೆ ಜಿಂಕೆ ಕೆಲವೇ ಸೆಕೆಂಡಿನಲ್ಲಿ ಬೀಳುತ್ತೆ. ಸ್ವಲ್ಪ ಆಚೀಚೆ ಆದರೆ ಗಾಯಗೊಂಡು ಓಡಿ, ಎಲ್ಲೋ ಗಂಟೆಗಟ್ಟಲೆ ನರಳಿ ಸಾಯುತ್ತೆ. ಈ ಆಟದಲ್ಲಿ ನಿಜವಾದ ಪ್ರಶ್ನೆ ಇದೊಂದೇ.

ಇಲ್ಲೇ ಒಂದು ತೊಡಕು ಇದೆ. ಹೆದೆ ಬಿಟ್ಟಾಗ ಆಗುವ ಸದ್ದು ಬಾಣಕ್ಕಿಂತ ಆರು ಪಟ್ಟು ವೇಗವಾಗಿ ಹೋಗುತ್ತೆ. ಸದ್ದು ಕೇಳಿದ ತಕ್ಷಣ ಜಿಂಕೆ ಜಿಗಿಯೋಕೆ ರೆಡಿ ಆಗುತ್ತೆ. ಜಿಗಿಯುವ ಮೊದಲು ಕಾಲು ಮಡಚಿ ಕೆಳಕ್ಕೆ ಕುಸಿಯಬೇಕಲ್ಲ, ಅಷ್ಟರಲ್ಲಿ ಬಾಣ ಬೆನ್ನ ಮೇಲೆ ಹಾದುಹೋಗಬಹುದು. ರಿಯಾಕ್ಷನ್ ಟೈಮ್ 0.1 ಸೆಕೆಂಡ್ ಅಂತ ಇಟ್ಟುಕೊಳ್ಳಿ, ಕುಸಿಯೋದನ್ನು ಫ್ರೀ ಫಾಲ್ ಅಂತ ಅಂದುಕೊಳ್ಳಿ. 30 ಗಜ ದೂರದಿಂದ ಬಿಟ್ಟರೆ ಬಾಣ ಮುಟ್ಟುವಷ್ಟರಲ್ಲಿ ಜಿಂಕೆ ಅರ್ಧ ಮೀಟರ್ ಕೆಳಗಿರಬಹುದು. 18 ಗಜದಿಂದ ಬಿಟ್ಟರೆ 12 ಸೆಂಟಿಮೀಟರ್. ಶ್ವಾಸಕೋಶ, ಹೃದಯ ಇರುವ ಜಾಗ ಅಡ್ಡಕ್ಕೆ 20ರಿಂದ 25 ಸೆಂಟಿಮೀಟರ್. ಅಂದರೆ ನಟ್ಟನಡುವೆ ಗುರಿ ಇಟ್ಟರೆ 12 ಸೆಂಟಿಮೀಟರ್ ಅನ್ನೋದು ಸರಿಯಾಗಿ ಅಂಚು.

ಇದನ್ನು ಮಾವನಿಗೆ ಕಳಿಸಿದೆ. ಅವರು ಒಂದು ಫೋಟೋ ಕಳಿಸಿದರು. ಹಿತ್ತಲಲ್ಲಿ ಫೋಮ್ ಟಾರ್ಗೆಟ್ ಎದುರು ನೆಲಕ್ಕೆ ಹೊಡೆದ ಒಂದು ಗೂಟ. ಅದರ ಮೇಲೆ ಮಾರ್ಕರ್‌ನಲ್ಲಿ "18" ಅಂತ ಬರೆದಿತ್ತು. ಹನ್ನೊಂದು ವರ್ಷ ದಿನಾ ಸಂಜೆ ಹೊಡೆದೂ ಹೊಡೆದೂ, ಅದರಾಚೆಗೆ ತನ್ನ ಕೈಯನ್ನು ನಂಬಬಾರದು ಅಂತ ಅವರೇ ಹಾಕಿಕೊಂಡ ಗೆರೆ. ನನ್ನ ಲೆಕ್ಕವೂ ಅಲ್ಲಿಗೇ ಬಂತು. ಅವತ್ತು ನನಗೆ ಆದ ಖುಷಿ ಯಾವ ಇಂಟರ್ನಲ್ಸ್‌ನಲ್ಲೂ ಆಗಿಲ್ಲ.

ಮಾವ ಮೊದಲು ಕಾಂಪೌಂಡ್ ಬಿಲ್ಲನ್ನೇ ಇಟ್ಟುಕೊಂಡಿದ್ದರು. ಅದನ್ನು ಕಂಡುಹಿಡಿದದ್ದು ಮಿಸೌರಿಯ ಹೊಲೆಸ್ ಆಲನ್, ಪೇಟೆಂಟ್ ಸಿಕ್ಕಿದ್ದು 1969ರಲ್ಲಿ. ಎರಡೂ ತುದಿಗೆ ಕ್ಯಾಮ್ ಇರುತ್ತೆ. ಇವತ್ತಿನ ಮಾಡೆಲ್‌ಗಳಲ್ಲಿ 70 ಪೌಂಡ್ ಎಳೆದ ಮೇಲೆ ಕೈಯಲ್ಲಿ ಉಳಿಯೋದು 14 ಪೌಂಡ್ ಅಷ್ಟೇ. ಆರಾಮಾಗಿ ಹಿಡಿದು, ಸೈಟ್‌ನಲ್ಲಿ ನೋಡಿ, 40 ಗಜ ದೂರಕ್ಕೂ ಬಿಡಬಹುದು. ಇಂಜಿನಿಯರಿಂಗ್ ದೃಷ್ಟಿಯಿಂದ ಅದ್ಭುತ ಮೆಷೀನ್. "ಚೆನ್ನಾಗಿತ್ತು ಕಣೇ, ಆದ್ರೆ ದೂರದಿಂದ್ಲೇ ಮುಗಿದುಹೋಗ್ತಿತ್ತು," ಅಂದರು ಮಾವ. ಹದಿನೆಂಟು ಗಜದ ಒಳಗೆ ಹೋಗಬೇಕಾದರೆ ಗಾಳಿ ಎತ್ತ ಬೀಸುತ್ತೆ ಗೊತ್ತಿರಬೇಕು, ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಗಾಳಿ ಇಳಿಜಾರಿನಲ್ಲಿ ಮೇಲಕ್ಕೆ ಹೋಗುತ್ತೆ, ಸಂಜೆ ಕೆಳಕ್ಕೆ ಇಳಿಯುತ್ತೆ ಅನ್ನೋದು ಗೊತ್ತಿರಬೇಕು. ಜಿಂಕೆಗೆ ಕಣ್ಣಿಗಿಂತ ಮೂಗು ಚುರುಕು. ಮನುಷ್ಯರ ವಾಸನೆ ಹೊಡೆದರೆ ಅವತ್ತಿನ ಕೆಲಸ ಮುಗೀತು.

ಇಷ್ಟರವರೆಗೆ ನಾನು ಪೂರ್ತಿ ಮಾವನ ಪಾರ್ಟಿ. ನನ್ನ ತಕರಾರು ಇದ್ದದ್ದು ಅವರ ಮನೆಯ ಗೋಡೆಯ ಬಗ್ಗೆ.

ಅಲ್ಲಿ ಒಂದು ಗಂಡು ಜಿಂಕೆಯ ತಲೆ ಇದೆ. ಟ್ಯಾಕ್ಸಿಡರ್ಮಿ ಮಾಡಿಸಿದ್ದು, ಗಾಜಿನ ಕಣ್ಣು. ಅದೇ ಟ್ರೋಫಿ. ವಿಡಿಯೋ ಕಾಲ್‌ನಲ್ಲಿ ಅದನ್ನ ಮೊದಲ ಸಲ ನೋಡಿದ ಅಜ್ಜಿ, "ಫೋನು ಆ ಕಡೆ ತಿರುಗಿಸೋ" ಅಂದಿದ್ದರು. ಅಮ್ಮ ಸುಮ್ಮನಿರಲಿಲ್ಲ. ನಮ್ಮ ಮನೇಲಿ ಭಾನುವಾರ ಮಟನ್ ಇದ್ದೇ ಇರುತ್ತೆ, ಹಾಗಾಗಿ ಕೊಲ್ಲೋದೇ ಪಾಪ ಅಂತ ಅಮ್ಮ ಹೇಳಲ್ಲ. ಅಮ್ಮ ಹೇಳಿದ್ದು ಇಷ್ಟು: "ತಿನ್ನೋಕೆ ಕೊಂದೆ, ಸರಿ. ತಲೆ ಯಾಕೋ ಗೋಡೆಗೆ? ನಾವು ಯಾವತ್ತಾದ್ರೂ ಕುರಿ ತಲೆ ನೇತು ಹಾಕಿದ್ದೀವಾ?" ಮಾವ ನಕ್ಕು ಮಾತು ಬದಲಿಸಿದರು.

ಟ್ರೋಫಿಗೆ ಒಂದು ಅಳತೆ ಇದೆ. ಪೋಪ್ ಅಂಡ್ ಯಂಗ್ ಕ್ಲಬ್ ಅಂತ, 1961ರಲ್ಲಿ ಶುರುವಾದದ್ದು, ಬಿಲ್ಲಿನ ಬೇಟೆಯ ದಾಖಲೆ ಪುಸ್ತಕ ಇಟ್ಟಿರೋದು ಅವರೇ. ಕೊಂಬನ್ನು 60 ದಿನ ಒಣಗಿಸಿ, ಮುಖ್ಯ ಕೊಂಬಿನ ಉದ್ದ, ಪ್ರತಿ ಕವಲಿನ ಉದ್ದ, ಸುತ್ತಳತೆ, ಎರಡು ಕೊಂಬಿನ ನಡುವಿನ ಅಗಲ ಎಲ್ಲ ಕೂಡಿಸಿ, ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸವನ್ನು ಕಳೆಯಬೇಕು. ಮಾಮೂಲಿ ಆಕಾರದ ಕೊಂಬಾದರೆ 125 ಇಂಚು ದಾಟಿದರೆ ಮಾತ್ರ ಪುಸ್ತಕದಲ್ಲಿ ಹೆಸರು. ಮಾವನ ಗೋಡೆಯ ಜಿಂಕೆ 118. ಏಳು ಇಂಚು ಕಮ್ಮಿ. ಅಟೆಂಡೆನ್ಸ್ ಶಾರ್ಟೇಜ್ ಆದವರ ಹಾಗೆ ಅದನ್ನು ಅವರು ಇನ್ನೂ ಮರೆತಿಲ್ಲ.

ಈ ಪೋಪ್ ಯಾರು ಅಂತ ಹುಡುಕುತ್ತಾ ಹೋದಾಗ ಸಿಕ್ಕಿದ್ದು ಇಶಿಯ ಕಥೆ.

1911ರ ಆಗಸ್ಟ್‌ನಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಹತ್ತಿರ, ಕಸಾಯಿಖಾನೆಯೊಂದರ ಬಳಿ ಹಸಿದು ಸೋತ ಒಬ್ಬ ಮನುಷ್ಯ ಸಿಕ್ಕ. ಯಾಹಿ ಜನರಲ್ಲಿ ಉಳಿದಿದ್ದ ಕೊನೆಯವನು. ಚಿನ್ನ ಹುಡುಕಿಕೊಂಡು ಬಂದವರ ಕಾಲದಿಂದ ಶುರುವಾದ ಹತ್ಯೆಗಳಲ್ಲಿ ಅವನ ಜನ ಎಲ್ಲ ಹೋಗಿದ್ದರು. ಅವನನ್ನು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಯೂನಿವರ್ಸಿಟಿಯ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ತನ್ನ ಹೆಸರನ್ನು ತಾನೇ ಹೇಳಬಾರದು ಅನ್ನೋದು ಅವನ ಜನರ ರೂಢಿ. ಹೇಳೋಕೆ ಇನ್ನೊಬ್ಬರು ಉಳಿದಿರಲಿಲ್ಲ. ಅದಕ್ಕೇ ಇಶಿ ಅಂತ ಕರೆದರು. ಅವರ ಭಾಷೆಯಲ್ಲಿ ಅದರ ಅರ್ಥ "ಮನುಷ್ಯ".

ಪಕ್ಕದ ಆಸ್ಪತ್ರೆಯ ಸರ್ಜನ್ ಸ್ಯಾಕ್ಸ್ಟನ್ ಪೋಪ್ ಅವನ ಗೆಳೆಯನಾದ, ಅವನಿಂದ ಬಿಲ್ಲು ಮಾಡೋದು, ಬಾಣ ಬಿಡೋದು ಕಲಿತ. ಇಶಿ ಬಾಟಲಿ ಗಾಜಿನಿಂದಲೂ ಬಾಣದ ಮೊನೆ ಕೆತ್ತುತ್ತಿದ್ದ. ಬೇಟೆಯ ಹಿಂದಿನ ದಿನ ಮೀನು ತಿನ್ನುತ್ತಿರಲಿಲ್ಲ, ತಂಬಾಕು ಸೇದುತ್ತಿರಲಿಲ್ಲ, ಬೆಳಗ್ಗೆ ತೊರೆಯಲ್ಲಿ ಮೀಯುತ್ತಿದ್ದ. ಜಿಂಕೆಯ ಹತ್ತಿರ ಹೋಗೋದೇ ಅವನ ವಿದ್ಯೆ. 1916ರಲ್ಲಿ ಅವನು ಕ್ಷಯದಿಂದ ಸತ್ತ. 1923ರಲ್ಲಿ ಪೋಪ್ ಬಿಲ್ಲಿನ ಬೇಟೆಯ ಬಗ್ಗೆ ಪುಸ್ತಕ ಬರೆದ, ಅಮೆರಿಕದಲ್ಲಿ ಸಾವಿರಾರು ಜನ ಅದನ್ನು ಓದಿ ಬಿಲ್ಲು ಹಿಡಿದರು. ಪೋಪ್ ಮತ್ತು ಅವನ ಬೇಟೆಯ ಜೊತೆಗಾರ ಆರ್ಥರ್ ಯಂಗ್ ಹೆಸರಲ್ಲೇ ಕ್ಲಬ್ ಆಯಿತು. ಇಶಿಯ ದೇಹವನ್ನು ಮಾತ್ರ ಬೇಡವೆಂದರೂ ಕೊಯ್ದು, ಮೆದುಳು ತೆಗೆದು ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಗೆ ಕಳಿಸಿದರು. ಅವನ ಜನಕ್ಕೆ ಹತ್ತಿರದ ಬುಡಕಟ್ಟುಗಳ ಕೈಗೆ ಅದು ವಾಪಸ್ ಬಂದು ಮಣ್ಣಾದದ್ದು 2000ದಲ್ಲಿ.

ಏಕಲವ್ಯನ ಕಥೆಯಲ್ಲಿ ಗುರು ಶಿಷ್ಯನ ಹೆಬ್ಬೆರಳು ಕೇಳುತ್ತಾನೆ. ಇಲ್ಲಿ ಉಲ್ಟಾ. ಶಿಷ್ಯನ ಹೆಸರು ದಾಖಲೆ ಪುಸ್ತಕದ ಮೇಲಿದೆ, ಗುರುವಿನ ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲ. ಗುರುವಿನ ಮೆದುಳು 84 ವರ್ಷ ಸ್ಪೆಸಿಮನ್ ಆಗಿತ್ತು. ಇದನ್ನು ಓದಿದ ಮೇಲೆ ನನಗೆ ಗೋಡೆಯ ಮೇಲಿನ ಆ ತಲೆಯನ್ನು ವಿಡಿಯೋ ಕಾಲ್‌ನಲ್ಲಿ ನೋಡೋಕೆ ಕಷ್ಟ ಆಯಿತು. ಪೋಪ್ ಕೆಟ್ಟವನು ಅಂತ ಅಲ್ಲ, ಇಶಿಯನ್ನು ಅವನು ಪ್ರೀತಿಸುತ್ತಿದ್ದ. ಆದರೆ ಅಳತೆ, ದಾಖಲೆ, ಶೋಕೇಸ್, ಇವೆಲ್ಲ ಒಂದೇ ಅಭ್ಯಾಸದ ಬೇರೆ ಬೇರೆ ರೂಪ ಅನ್ನಿಸಿತು. ಇಷ್ಟನ್ನೂ ಮಾವನಿಗೆ ಉದ್ದದ ಮೆಸೇಜ್ ಮಾಡಿದೆ. ಎರಡು ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಕಳೆದ ನವೆಂಬರ್ ಮೊದಲ ವಾರ ಮಾವ ಎಂದಿನಂತೆ ಕಾಡಿಗೆ ಹೋದರು. ಗಂಡುಗಳು ಹೆಣ್ಣಿನ ಹಿಂದೆ ಊಟ ನಿದ್ದೆ ಬಿಟ್ಟು ಅಲೆಯುವ ಕಾಲ. ಅವರು ಕತ್ತಲಲ್ಲಿ ಮರ ಹತ್ತುವಾಗ ನಮಗೆ ಇಲ್ಲಿ ಲ್ಯಾಬ್ ಮುಗಿಯುವ ಹೊತ್ತು. ನಾಲ್ಕನೇ ದಿನ ರಾತ್ರಿ ನನಗೆ ವಾಯ್ಸ್ ಮೆಸೇಜ್ ಬಂತು, ಪಿಸುಮಾತಲ್ಲಿ.

"ಹತ್ತು ಕವಲು ಕಣೇ. 125 ಅಲ್ಲ, 140 ಇದ್ರೂ ಇರ್ಬೋದು. ಮೂವತ್ತು ಗಜದಲ್ಲಿ ಬಂದು ಅಡ್ಡಕ್ಕೆ ನಿಂತುಬಿಡ್ತು. ಎರಡು ನಿಮಿಷ. ಬಾಯಿಂದ ಹೊಗೆ ಬರೋದು ಕಾಣ್ತಿತ್ತು. ಬಿಲ್ಲು ಎತ್ತಲೇ ಇಲ್ಲ ನಾನು. ಹೋಯ್ತು."

ಹಳೆ ಕಾಂಪೌಂಡ್ ಕೈಯಲ್ಲಿ ಇದ್ದಿದ್ದರೆ ಅದು ಅವರಿಗೆ ಸುಲಭದ ದೂರ. ಕಾಡಿನಲ್ಲಿ ನೋಡುವವರು ಯಾರೂ ಇರಲಿಲ್ಲ. ಬಿಟ್ಟಿದ್ದರೆ ತಾಗಿದರೂ ತಾಗಬಹುದಿತ್ತು. ಹನ್ನೊಂದು ವರ್ಷ ಕಾದ ಜಿಂಕೆಯನ್ನು ಹಿತ್ತಲಿನ ಒಂದು ಗೂಟಕ್ಕೋಸ್ಕರ ಬಿಟ್ಟರು. ನಾನು ಆ ಮೆಸೇಜನ್ನು ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಮೂರು ಸಲ ಕೇಳಿದೆ.

ಆರನೇ ದಿನ ಒಂದು ಹೆಣ್ಣು ಜಿಂಕೆ ಹನ್ನೆರಡು ಗಜಕ್ಕೆ ಬಂತು. ಅದಕ್ಕೂ ಅವರ ಹತ್ತಿರ ಲೈಸೆನ್ಸ್ ಇತ್ತು. ಬಾಣ ಬಿಟ್ಟ ಮೇಲೆ ಅರ್ಧ ಗಂಟೆ ಮರದ ಮೇಲೇ ಕೂತಿದ್ದು, ಇಳಿದು ರಕ್ತದ ಜಾಡು ಹಿಡಿದು ಹೋದರೆ ಎಪ್ಪತ್ತು ಹೆಜ್ಜೆಯಲ್ಲೇ ಬಿದ್ದಿತ್ತು. ಇದನ್ನು ಹೇಳುವಾಗ ಮಾವನ ದನಿಯಲ್ಲಿ ಗೆದ್ದ ಸಂಭ್ರಮ ಇರಲಿಲ್ಲ. "ಕೈ ಇಟ್ಟಾಗ ಇನ್ನೂ ಬಿಸಿ ಇತ್ತು" ಅಂದವರು ಸ್ವಲ್ಪ ಹೊತ್ತು ಸುಮ್ಮನಾದರು. ಆ ಮಾಂಸ ಫ್ರೀಜರ್ ತುಂಬಿತು. ಅಮ್ಮನಿಗೆ ಫೋನ್ ಮಾಡಿ ಮಟನ್ ಸಾರಿನ ಮಸಾಲೆ ಅಳತೆ ಕೇಳಿದರು. ಅಮ್ಮ ಗೊಣಗುತ್ತಲೇ ಹೇಳಿದಳು: ಕೊಬ್ಬು ಇರಲ್ಲ ಅಂತೀಯ, ಹಾಗಾದ್ರೆ ಕಾಯಿ ಜಾಸ್ತಿ ರುಬ್ಬು.

ಈಗ ನನ್ನ ನಿಲುವು ಕೇಳಿದರೆ, ಬಿಲ್ಲಿನ ವಿಷಯದಲ್ಲಿ ನಾನು ಮಾವನ ಕಡೆ, ಗೋಡೆಯ ವಿಷಯದಲ್ಲಿ ಅಮ್ಮನ ಕಡೆ. 118, 125, 140 ಇವೆಲ್ಲ ಸತ್ತ ಮೇಲೆ ಅಳೆಯುವ ಸಂಖ್ಯೆಗಳು. 18 ಮಾತ್ರ ಜಿಂಕೆ ಬದುಕಿರುವಾಗಲೇ ಲೆಕ್ಕಕ್ಕೆ ಬರುವ ಸಂಖ್ಯೆ, ಮತ್ತು ಅದು ಜಿಂಕೆಯನ್ನು ಅಳೆಯಲ್ಲ, ಮಾವನನ್ನು ಅಳೆಯುತ್ತೆ. ನಾವು ದಿನಾ ಕ್ಲಾಸಲ್ಲಿ ಕಲಿಯೋದು ರೇಂಜ್ ಹೆಚ್ಚಿಸೋದನ್ನ. ಎಷ್ಟು ದೂರಕ್ಕೆ ಮಾತ್ರ ನಮ್ಮನ್ನು ನಾವು ನಂಬಬಹುದು ಅನ್ನೋದು ನಮ್ಮ ಸಿಲಬಸ್‌ನಲ್ಲಿ ಇನ್ನೂ ಬಂದಿಲ್ಲ.

ಗಂಡು ಜಿಂಕೆಗಳ ಕೊಂಬು ಪ್ರತಿ ವರ್ಷ ಚಳಿಗಾಲದಲ್ಲಿ ತಾನಾಗೇ ಉದುರುತ್ತೆ, ಮತ್ತೆ ಹೊಸದು ಬೆಳೆಯುತ್ತೆ. ಮಾರ್ಚಿನಲ್ಲಿ ಹಿಮ ಕರಗಿದ ಮೇಲೆ ಮಾವ ಆ ಹತ್ತು ಕವಲಿನವನ ಉದುರಿದ ಕೊಂಬು ಹುಡುಕೋಕೆ ಹೋದರು. ಅಮ್ಮ "ಅದು ಸಿಕ್ಕಿದ್ರೆ ಗೋಡೆಗೆ ಹಾಕ್ಕೋ, ನನ್ನ ತಕರಾರಿಲ್ಲ" ಅಂದಿದ್ದಾಳೆ. ಎರಡು ಭಾನುವಾರ ಅಲೆದರೂ ಸಿಗಲಿಲ್ಲ. ಇಲಿ, ಅಳಿಲುಗಳು ಕ್ಯಾಲ್ಸಿಯಂಗೋಸ್ಕರ ಅದನ್ನು ಕಡಿದು ತಿಂದುಬಿಡುತ್ತವಂತೆ.