ಹಾವಿಗೊಂದು ಮನೆ

ಕನ್ನಡದಲ್ಲಿ 'ಸಾಕು' ಎಂಬ ಮಾತಿಗೆ ಎರಡು ಅರ್ಥಗಳುಂಟು. ಅನ್ನ ನೀರು ಕೊಟ್ಟು ಬೆಳೆಸು ಎಂಬುದು ಒಂದು. ಇಷ್ಟೇ ಆಗಲಿ, ಇನ್ನು ಬೇಡ ಎಂಬುದು ಇನ್ನೊಂದು. ಆಕಳನ್ನೋ ನಾಯಿಯನ್ನೋ ಸಾಕುವವರಿಗೆ ಎರಡನೆಯ ಅರ್ಥದ ನೆನಪು ಬರುವುದು ಅಪರೂಪ. ಹಾವನ್ನು ಸಾಕಹೊರಟವನಿಗೆ ಮಾತ್ರ ಅದು ಮೊದಲ ದಿನವೇ ಎದುರು ನಿಲ್ಲುತ್ತದೆ.

ವಿಜಯಪುರ ಜಿಲ್ಲೆಯ ದೇವಣಗಾಂವ ಭೀಮಾ ನದಿಯ ದಂಡೆಯ ಊರು. ಹೊಳೆಯ ಆಚೆಗೆ ಕಲಬುರ್ಗಿ ಜಿಲ್ಲೆಯ ಅಫಜಲಪುರ ಸೀಮೆ. ಸುತ್ತಲೂ ಎರೆಭೂಮಿ, ಜೋಳ, ಕಬ್ಬುಗಳ ಹೊಲಗಳು. ಬೇಸಿಗೆಯಲ್ಲಿ ಎರೆ ಬಾಯ್ಬಿಟ್ಟರೆ ಆ ಬಿರುಕುಗಳಲ್ಲಿ ಇಲಿ ಸೇರುತ್ತದೆ. ಇಲಿಯ ಬೆನ್ನು ಹತ್ತಿ ಹಾವು ಸೇರುತ್ತದೆ. 2020ರ ಅಕ್ಟೋಬರಿನಲ್ಲಿ ಬಂದಂತೆ ಹೊಳೆಗೆ ಮಹಾಪೂರ ಬಂದಾಗ ಎತ್ತರದ ನೆಲ ಹುಡುಕುವವರು ಮನುಷ್ಯರಷ್ಟೇ ಅಲ್ಲ. ಬಿಲಕ್ಕೆ ನೀರು ನುಗ್ಗಿದ ಹಾವಿಗೂ ಒಣನೆಲವೇ ಗತಿ. ಇಂಥ ಊರಿನಲ್ಲಿ ಹರೆಯದ ಹುಡುಗನೊಬ್ಬ ಹಾವು ಸಾಕುವ ಮಾತೆತ್ತಿದರೆ ಮನೆಯ ಹಿರಿಯಳು ಏನೆಂದಾಳು? "ಹೊಲದಾಗ ಇರೋವು ಸಾಲ್ದಂತ ಮನ್ಯಾಗೊಂದು ಬೇಕೇನೋ ತಮ್ಮಾ?"

ಆಕೆಯ ಮಾತಿನಲ್ಲಿ ನಗೆಯಿದ್ದರೂ ಕಾಯಿದೆ ಆಕೆಯ ಪಕ್ಷವೇ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರಹಾವನ್ನಾಗಲಿ, ವಿಷವಿಲ್ಲದ ಕೇರೆಯನ್ನಾಗಲಿ ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು ಅಪರಾಧ. ಹಾವಾಡಿಗರ ಬುಟ್ಟಿ ಬೀದಿಗಳಿಂದ ಮರೆಯಾಗತೊಡಗಿದುದಕ್ಕೆ ಕಾರಣವೂ ಇದೇ. ಆ ಬುಟ್ಟಿ ನೋಡುವವರ ಸಲುವಾಗಿ ಹೆಣೆದದ್ದು, ಹಾವಿನ ಸಲುವಾಗಿ ಅಲ್ಲ. ಹಲ್ಲು ಕಿತ್ತ, ಎಷ್ಟೋ ಸಲ ಬಾಯಿ ಹೊಲಿದ ಜೀವ ಅದರಲ್ಲಿ ಸುತ್ತಿ ಮಲಗಿರುತ್ತಿತ್ತು. ಪಂಚಮಿಯ ದಿನ ಅದಕ್ಕೆ ಹಾಲು ಕುಡಿಸಿ ಪುಣ್ಯ ಕಟ್ಟಿಕೊಂಡವರೂ ಇದ್ದರು. ಹಾಲು ಹಾವಿನ ಆಹಾರವಲ್ಲ. ದಿನಗಟ್ಟಲೆ ನೀರು ಕಾಣದ ಹಾವು ದಾಹಕ್ಕೆ ಅದನ್ನು ಕುಡಿದೀತು. ಕುಡಿದದ್ದು ಅದಕ್ಕೆ ಒಗ್ಗುವುದಿಲ್ಲ. ಕಲ್ಲಿನ ನಾಗರಕ್ಕೂ ಜೀವಂತ ನಾಗರಕ್ಕೂ ಜನ ತೋರುವ ನಡತೆಯ ಅಂತರವನ್ನು ಇದೇ ಜಿಲ್ಲೆಯ ಬಾಗೇವಾಡಿಯಲ್ಲಿ ಜನಿಸಿದ ಬಸವಣ್ಣನವರು 12ನೆಯ ಶತಮಾನದಲ್ಲಿಯೇ ಎತ್ತಿ ತೋರಿಸಿದ್ದರು.

ಹಾವನ್ನು ಹಿಡಿದಿಡುವ ಬೇರೊಂದು ಕ್ರಮವೂ ನಮ್ಮ ದೇಶದಲ್ಲಿಯೇ ಉಂಟು. ಚೆನ್ನೈ ಬಳಿಯ ವಡನೆಮ್ಮೇಲಿಯಲ್ಲಿ ಇರುಳರು 1978ರಲ್ಲಿ ಕಟ್ಟಿಕೊಂಡ ಸಹಕಾರ ಸಂಘದವರು ಸರಕಾರದ ಪರವಾನಗಿ ಪಡೆದು ಹಾವು ಹಿಡಿಯುತ್ತಾರೆ. ಕೆಲವು ವಾರ ಇಟ್ಟುಕೊಂಡು, ಔಷಧಕ್ಕಾಗಿ ವಿಷ ತೆಗೆದು, ಮರಳಿ ಕಾಡಿಗೆ ಬಿಡುತ್ತಾರೆ. ಅವರು ಹಾವನ್ನಿಡುವುದು ಮಣ್ಣಿನ ಗಡಿಗೆಯಲ್ಲಿ. ತಳದಲ್ಲಿ ಮರಳು, ಬಾಯಿಗೆ ಬಟ್ಟೆಯ ಕಟ್ಟು. ಒಳಗೆ ಕತ್ತಲೆ, ತಂಪು, ಗಾಳಿ. ಇಲ್ಲಿ ಚೆಂದದ ಮಾತೇ ಇಲ್ಲ. ಆದರೂ ಹಾವಿನ ಬೇಡಿಕೆ ಏನೆಂಬುದನ್ನು ಆ ಗಡಿಗೆ ಬಲ್ಲದು.

ಮೊಬೈಲಿನಲ್ಲಿ ಗಾಜಿನ ಪೆಟ್ಟಿಗೆಯ ಬಣ್ಣದ ಹಾವುಗಳನ್ನು ಕಂಡು ಆಸೆಪಡುವ ಹುಡುಗನಿಗೆ ಉಳಿಯುವ ದಾರಿ ವಿದೇಶದ ಹಾವು. ಅವುಗಳಲ್ಲಿ ಹೆಸರಾದದ್ದು ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಬಾಲ್ ಪೈಥಾನ್. ಮೂರರಿಂದ ಐದು ಅಡಿ ಬೆಳೆಯುವ, ವಿಷವಿಲ್ಲದ, ಹೆದರಿದರೆ ಚೆಂಡಿನಂತೆ ಮುದುಡಿಕೊಳ್ಳುವ ಹೆಬ್ಬಾವು ಅದು. ಅದಕ್ಕೂ ಕಾಗದಪತ್ರ ತಪ್ಪಿದ್ದಲ್ಲ. ಕೇಂದ್ರ ಸರಕಾರ 2024ರ ಫೆಬ್ರವರಿಯಲ್ಲಿ ಹೊರಡಿಸಿದ ನಿಯಮಗಳಂತೆ ಇಂಥ ಪ್ರಾಣಿಯನ್ನು ಹೊಂದಿದವರು ಅದನ್ನು ನೋಂದಾಯಿಸಬೇಕು.

ಇನ್ನು ಅದರ ಮನೆ. ಬೆಳೆದ ಹಾವಿಗೆ ನಾಲ್ಕಡಿ ಉದ್ದ, ಎರಡಡಿ ಅಗಲದ ಪೆಟ್ಟಿಗೆ ಬೇಕು. ಅದು ಮೈಚಾಚಿ ಮಲಗುವಂತಿರಬೇಕು. ಹಾವಿನ ಮೈಗೆ ತನ್ನದೇ ಆದ ಕಾವಿಲ್ಲ. ಬಿಸಿಲಿಗೂ ನೆರಳಿಗೂ ಹರಿದಾಡಿಯೇ ಅದು ಮೈಯ ಕಾವನ್ನು ತೂಗಿಸಿಕೊಳ್ಳಬೇಕು. ಆದುದರಿಂದ ಪೆಟ್ಟಿಗೆಯ ಒಂದು ತುದಿ ಸುಮಾರು 31 ಡಿಗ್ರಿ ಸೆಲ್ಸಿಯಸ್ ಇದ್ದರೆ ಇನ್ನೊಂದು ತುದಿ 26ರ ಆಸುಪಾಸಿನಲ್ಲಿರಬೇಕು. ಎರಡೂ ತುದಿಗಳಲ್ಲಿ ಅಡಗುದಾಣ ಬೇಕು. ಒಂದೇ ಇದ್ದರೆ ಹಾವು ಹೆದರಿಕೆಯಿಂದ ಅಲ್ಲಿಯೇ ಉಳಿದು ಕಾವನ್ನೋ ತಂಪನ್ನೋ ಕಳೆದುಕೊಳ್ಳುತ್ತದೆ. ಒಡೆದ ಗಡಿಗೆಯ ಹೋಳನ್ನು, ಅಂಚು ಉಜ್ಜಿ ನಯಮಾಡಿ, ಬೋರಲು ಹಾಕಿದರೂ ಆದೀತು. ಮೈ ಮುಳುಗುವಷ್ಟು ಅಗಲವಾದ, ಮಗುಚಿಕೊಳ್ಳದ ನೀರಿನ ಪಾತ್ರೆ ಇರಬೇಕು. ನೆಲಕ್ಕೆ ತೆಂಗಿನ ನಾರಿನ ಪುಡಿ ಸರಿ. ಹಳೆಯ ವೃತ್ತಪತ್ರಿಕೆಯೂ ನಡೆದೀತು.

ಈ ವಿಷಯದ ಪುಸ್ತಕಗಳು ಬಹುಮಟ್ಟಿಗೆ ಶೀತದೇಶದವರು ಬರೆದವು; ಅವುಗಳ ಚಿಂತೆಯೆಲ್ಲ ಪೆಟ್ಟಿಗೆಯನ್ನು ಬಿಸಿಮಾಡುವುದು ಹೇಗೆಂಬುದು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ವಿಜಯಪುರ ಸೀಮೆಯಲ್ಲಿ ಕಷ್ಟವಿರುವುದು ತಂಪಿನ ತುದಿಗೆ. ಕಿಟಕಿಯ ಬಿಸಿಲಿಗಿಟ್ಟ ಗಾಜಿನ ಪೆಟ್ಟಿಗೆ ಸ್ವಲ್ಪ ಹೊತ್ತಿನಲ್ಲಿಯೇ ಒಲೆಯಾಗುತ್ತದೆ. ದಪ್ಪ ಗೋಡೆಯ ಹಳೆಯ ಮಾಳಿಗೆ ಮನೆಯ ನಡುಕೋಣೆಯೇ ಅಲ್ಲಿ ಲೇಸು. ಚಳಿಗಾಲದಲ್ಲಿ ವಿದ್ಯುತ್ತಿನ ಕಾವು ಕೊಡುವುದಾದರೆ ಅದನ್ನು ಮಿತಿಯಲ್ಲಿಡುವ ಥರ್ಮೋಸ್ಟಾಟ್ ಇರಲೇಬೇಕು. ಇಲ್ಲವಾದರೆ ಹಾವು ಹೊಟ್ಟೆ ಸುಟ್ಟುಕೊಳ್ಳುತ್ತದೆ.

ಎಲ್ಲಕ್ಕಿಂತ ಮಿಗಿಲಾದುದು ಬೀಗ. ತಲೆ ತೂರುವಷ್ಟು ಸಂದು ಸಿಕ್ಕರೆ ಹಾವಿನ ಮೈ ಅದನ್ನು ಹಿಂಬಾಲಿಸುತ್ತದೆ. ಹೊರಬಿದ್ದ ಹಾವು ಯಾರನ್ನು ಕಚ್ಚೀತೋ ಎಂದು ಮನೆಯವರು ಅಂಜುತ್ತಾರೆ. ದೇವಣಗಾಂವದಂಥ ಊರಿನಲ್ಲಿ ನಿಜವಾದ ಅಪಾಯ ಬೇರೆ. ತಪ್ಪಿಸಿಕೊಂಡದ್ದು ಬಡಿಗೆಯ ಪೆಟ್ಟಿಗೆ ಸಿಕ್ಕಿ ಸಾಯಬಹುದು. ಅದಕ್ಕಿಂತ ಕೇಡೆಂದರೆ, ನಮ್ಮ ಹಾವೇ ಇರಬೇಕೆಂದು ರಾತ್ರಿ ಸಂದಿಗೊಂದಿಯಲ್ಲಿ ಕೈಯಾಡಿಸುವ ಹುಡುಗನಿಗೆ ಸಿಕ್ಕುವುದು ಕಟ್ಟುಹಾವು ಆಗಿರಬಹುದು. ಅದು ಕಚ್ಚಿದ ಗಾಯ ಎಷ್ಟೋ ವೇಳೆ ಕಣ್ಣಿಗೂ ಕಾಣದು, ಹೆಚ್ಚು ನೋಯದು. ಕಚ್ಚಿಸಿಕೊಂಡವರು ಬೆಳಗಿನೊಳಗೆ ಉಸಿರಾಡಲಾರದಂತಾಗುತ್ತಾರೆ. ಕರ್ನಾಟಕ ಸರಕಾರ 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಸಾರಿದುದು ಸುಮ್ಮನಲ್ಲ. ಹಾವುಗಳ ನಡುವೆಯೇ ಬಾಳುವ ಊರಿಗೆ ಹಾವೆಂದರೆ ಮೊದಲು ದೂರ ನಿಲ್ಲುವ ಅಭ್ಯಾಸವೇ ರಕ್ಷೆ. ಮನೆಯ ಹಾವು ಆ ಅಭ್ಯಾಸವನ್ನು ಸಡಿಲಿಸುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಒಡೆಯನಿಗೆ ದೊರೆಯುವುದೇನು? ನಾಯಿ ಬಾಲವಾಡಿಸುತ್ತದೆ, ಆಕಳು ಕೂಗಿದರೆ ತಿರುಗಿ ನೋಡುತ್ತದೆ. ಹಾವು ಬಹಳವೆಂದರೆ ಕೈಯ ಸ್ಪರ್ಶವನ್ನು ಸಹಿಸುವುದನ್ನು ಕಲಿಯುತ್ತದೆ. ವಾರಕ್ಕೋ ಎರಡು ವಾರಕ್ಕೋ ಒಂದು ಇಲಿಯನ್ನು ನುಂಗಿ ಮತ್ತೆ ಕತ್ತಲೆಗೆ ಸರಿಯುತ್ತದೆ. ಹೀಗೆಯೇ ಅದು 20-30 ವರ್ಷ ಬಾಳಬಲ್ಲದು. ಹುಡುಗ ಓದಿಗೆಂದು ಧಾರವಾಡಕ್ಕೋ ಬೆಂಗಳೂರಿಗೋ ಹೋದಾಗ ಆ ಬೀಗದ ಕೈ ಯಾರ ಸೆರಗಿನ ತುದಿಗೆ ಬರುತ್ತದೆಂಬುದನ್ನು ಹೇಳಬೇಕಾಗಿಲ್ಲ. ಬೇಡವಾಯಿತೆಂದು ಹೊಲಕ್ಕೆ ಬಿಡುವಂತೆಯೂ ಇಲ್ಲ. ಪರದೇಶದ ಜೀವಿಗೆ ಅದು ಊರಲ್ಲ, ಊರಿನ ಜೀವಿಗಳಿಗೆ ಅದು ನೆಂಟನಲ್ಲ.

ತಿರುಗಿ ಪಡೆಯುವ ಆಸೆಯಿಲ್ಲದೆ ಒಂದು ಜೀವದ ಕಾವು, ತಂಪು, ಕತ್ತಲೆಗಳನ್ನು ದಿನವೂ ವಿಚಾರಿಸಬಲ್ಲವನು ಈ ಪೆಟ್ಟಿಗೆಯನ್ನು ಕಟ್ಟಬಹುದು. ಅಷ್ಟು ತಾಳ್ಮೆ ತನಗಿಲ್ಲವೆಂದು ಮೊದಲೇ ಅರಿತು 'ಸಾಕು' ಎನ್ನುವವನೂ ಹಾವಿಗೆ ಉಪಕಾರವನ್ನೇ ಮಾಡಿದಂತೆ. ಅವನಿಗೂ ಮಾಡುವ ಕೆಲಸವುಂಟು. ಮನೆಗೆ ಹಾವು ಬಂದ ದಿನ ಬಡಿಗೆ ಎತ್ತಿದವರನ್ನು ತಡೆದು, ಮಕ್ಕಳನ್ನು ಹಿಂದಕ್ಕೆ ಸರಿಸಿ, ಅರಣ್ಯ ಇಲಾಖೆಗೋ ಬಲ್ಲ ಹಿಡಿಯುವವರಿಗೋ ಸುದ್ದಿ ಮುಟ್ಟಿಸಿ, ಅವರು ಬರುವವರೆಗೆ ದೂರದಿಂದ ಅದರ ಮೇಲೆ ಕಣ್ಣಿಟ್ಟು ನಿಲ್ಲುವುದು. ಭೀಮೆಯ ದಂಡೆಯ ಎರೆಯ ಬಿರುಕಿನಲ್ಲಿ ಕಾವು ತಂಪುಗಳೆರಡೂ ಇವೆ, ಕತ್ತಲೆಯಿದೆ, ಇಲಿಗಳಿಗೂ ಬರವಿಲ್ಲ. ಆ ಮನೆಗೆ ಬೀಗ ಬೇಕಾಗಿಲ್ಲ. ಹೋಗುವ ದಾರಿಯನ್ನು ಬಿಟ್ಟುಕೊಟ್ಟರೆ ಆಯಿತು.